ಕೊಡೆ ಅಂಗಡಿಗೆ ಬಂದ ಬಾಡಿಗೆದಾರ

ನಮ್ಮ ಗುಮಾಸ್ತರಿಗೆ ಒಂದು ಐಡಿಯಾ ಹೊಳೆಯಿತೆಂದರೆ ಮನೆಯ ಯಾವುದೋ ಒಂದು ಸಾಮಾನಿಗೆ ಗ್ರಹಚಾರ ಕೆಟ್ಟಿತೆಂದೇ ಅರ್ಥ. ಅಣಬೆ ಬೆಳೆಯುವ ಐಡಿಯಾ ಬಂದಾಗ ಮಂಚದ ಕೆಳಗಿದ್ದ ಪೆಟ್ಟಿಗೆಗಳೆಲ್ಲ ಬೀದಿ ಕಂಡವು (ಅಣಬೆಯನ್ನು ಮಾತ್ರ ಯಾರೂ ಕಾಣಲಿಲ್ಲ). ಮನೆಯಲ್ಲೇ ಸೋಪು ತಯಾರಿಸುವ ಐಡಿಯಾ ಬಂದಾಗ ಎರಡು ಒಳ್ಳೆಯ ಪಾತ್ರೆಗಳು ವೀರಮರಣವನ್ನಪ್ಪಿದವು. ಈ ಸಲ ಬಲಿಯಾದದ್ದು ಹೆಂಡತಿಯ ಬಟ್ಟೆ ಕತ್ತರಿಸುವ ಮೇಜು.

ಹೆಂಡತಿ ಹೊಲಿಗೆಯವಳು. ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುವುದರಲ್ಲಿ ಅವಳದು ಎತ್ತಿದ ಕೈ. ಆ ಉದ್ದನೆಯ ಮೇಜು ಅವಳ ಪಾಲಿಗೆ ಸಿಂಹಾಸನವೇ ಸರಿ. ರಜೆಯ ದಿನಗಳಲ್ಲಿ ಕೆಲಸ ಕಡಿಮೆ ಇರುತ್ತದೆಂದು ಸಮಯ ನೋಡಿಕೊಂಡು ಗುಮಾಸ್ತರು ಅದರ ಮೇಲೆ ಹಳೆಯ ಕಂಪ್ಯೂಟರನ್ನು ಪ್ರತಿಷ್ಠಾಪಿಸಿದರು. ತಾವು ಒಂದು ಮೊಬೈಲ್ ಗೇಮ್ ಮಾಡಿ ಲೋಕಕ್ಕೆ ಅರ್ಪಿಸಲಿರುವುದಾಗಿ ಘೋಷಿಸಿದರು.

ಈ ಜ್ಞಾನೋದಯ ಆದದ್ದು ಹಲ್ಲಿನ ಡಾಕ್ಟರ ಬಾಗಿಲಲ್ಲಿ. ಕಾಯುತ್ತಾ ಕುಳಿತವರೆಲ್ಲ ಊದಿದ ದವಡೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಬಲೂನು ಒಡೆಯುವ ಆಟ ಆಡುತ್ತಿದ್ದರಂತೆ. ಸೋತಾಗಲೆಲ್ಲ ಒಂದು ಜಾಹೀರಾತು ಬರುತ್ತಿತ್ತಂತೆ, ಅದನ್ನೂ ಸಹಿಸಿಕೊಂಡು ನೋಡುತ್ತಿದ್ದರಂತೆ. ಹೆಂಚಿನ ಗೋದಾಮಿನಲ್ಲಿ ಒಡೆದ ಹೆಂಚುಗಳ ಲೆಕ್ಕ ಬರೆದೇ ಅರ್ಧ ಆಯುಸ್ಸು ಕಳೆದ ಮನುಷ್ಯನಿಗೆ, ಒಡೆಯುವುದರಲ್ಲೂ ದುಡ್ಡಿದೆ ಎಂಬುದು ಅಂದೇ ಗೊತ್ತಾಯಿತು.

ಬಿಟ್ಟಿ ಆಟಕ್ಕೆ ದುಡ್ಡು ಯಾರು ಕೊಡುತ್ತಾರೆಂದು ಹೆಂಡತಿ ಕೇಳಿದಳು.

"ಆಡೋರು ಕೊಡಲ್ಲ ಕಣೇ, ಜಾಹೀರಾತಿನವರು ಕೊಡ್ತಾರೆ. ಜನ ಸೋಲ್ತಾ ಇರ್ಬೇಕು, ನಾವು ಎಣಿಸ್ತಾ ಇರ್ಬೇಕು, ಅಷ್ಟೇ."

"ಸೋಲನ್ನ ನಂಬ್ಕೊಂಡು ಮಾಡೋ ವ್ಯಾಪಾರ ಅಂದ್ರೆ ನಿಮಗೆ ಒಳ್ಳೆ ಅನುಭವ ಇದೆ ಬಿಡಿ," ಎಂದಳು ಹೆಂಡತಿ. ಆಮೇಲೆ ತನ್ನ ಷರತ್ತನ್ನೂ ಮುಂದಿಟ್ಟಳು. ಶಾಲೆ ಶುರುವಾಗುವುದರೊಳಗೆ ಈ ಆಟದಿಂದ ಒಂದು ಚಿಕ್ಕಾಸಾದರೂ ಕೈಗೆ ಬಂದರೆ ಮೇಜು ಅವರದು. ಬರದಿದ್ದರೆ ಮೇಜು ಅವಳದು, ಕಂಪ್ಯೂಟರು ಅಟ್ಟದ್ದು, ಐಡಿಯಾಗಳಿಗೆ ಶಾಶ್ವತ ನಿವೃತ್ತಿ. ಅಲ್ಲಿಯತನಕ ಅವಳು ನೆಲದ ಮೇಲೆ ಮಂಡಿಯೂರಿ ಬಟ್ಟೆ ಕತ್ತರಿಸುತ್ತಾಳೆ. ಗುಮಾಸ್ತರು ತಕ್ಷಣ ಒಪ್ಪಿಬಿಟ್ಟರು. ಒಪ್ಪುವುದರಲ್ಲಿ ಅವರು ಎಂದೂ ಹಿಂದೆ ಬಿದ್ದವರಲ್ಲ.

ಗೋದಾಮಿನ ಲೆಕ್ಕಕ್ಕೆಂದು ಕಲಿತ ಅಲ್ಪಸ್ವಲ್ಪ ಕಂಪ್ಯೂಟರ್ ವಿದ್ಯೆ, ವಿಡಿಯೊಗಳನ್ನು ನೋಡಿ ಕಲಿತ ಮತ್ತಷ್ಟು, ಎಲ್ಲ ಸೇರಿ ಕೆಲಸವೇನೋ ಶುರುವಾಯಿತು. ಆದರೆ ಆಟ ಯಾವುದು? ಬಲೂನಿನ ಆಟ ಆಗಲೇ ಇತ್ತು. ಹಣ್ಣು ಕತ್ತರಿಸುವುದು, ಗೋಲಿ ಉರುಳಿಸುವುದು, ಕೋಳಿ ರಸ್ತೆ ದಾಟುವುದು, ಎಲ್ಲವನ್ನೂ ಯಾರ್ಯಾರೋ ಮಾಡಿ ಮುಗಿಸಿದ್ದರು. ತಲೆಗೆ ಏನೂ ಹೊಳೆಯದೆ ಕುಳಿತ ಗುಮಾಸ್ತರ ಕೈ ತನ್ನಷ್ಟಕ್ಕೆ ಒಂದು ಬೀದಿಯ ಚಿತ್ರ ಬರೆಯತೊಡಗಿತು. ಅವರಿಗೆ ಬರೆಯಲು ಬರುತ್ತಿದ್ದದ್ದೂ ಅದೊಂದೇ.

ಅದು ಅವರು ಹುಟ್ಟಿ ಬೆಳೆದ ಬೀದಿ. ರಸ್ತೆ ಅಗಲ ಮಾಡುತ್ತೇವೆಂದು ಬಂದ ಯಂತ್ರಗಳು ಅದನ್ನು ನೆಲಸಮ ಮಾಡಿ ಎಷ್ಟೋ ಕಾಲವಾಗಿತ್ತು. ಅಲ್ಲಿದ್ದವರು ದಿಕ್ಕಿಗೊಬ್ಬರಂತೆ ಚದುರಿಹೋಗಿದ್ದರು. ಬೀದಿಯ ಈ ತುದಿಗೆ ಗುಮಾಸ್ತರ ತಂದೆಯ ಕೊಡೆ ರಿಪೇರಿ ಅಂಗಡಿ, ಪಕ್ಕದಲ್ಲಿ ಹಿಟ್ಟಿನ ಗಿರಣಿ, ಎದುರಿಗೆ ಕ್ಷೌರಿಕನ ದೊಡ್ಡ ಕನ್ನಡಿ, ಆಚೆ ತುದಿಗೆ ಬೇಕರಿಯ ಹೊಗೆಗೂಡು. ರಿಪೇರಿಯಾದ ಕೊಡೆಗಳನ್ನು ಮನೆಮನೆಗೆ ಮುಟ್ಟಿಸಲು ಚಡ್ಡಿ ಹಾಕಿಕೊಂಡು ಓಡುತ್ತಿದ್ದವರು ಸಾಕ್ಷಾತ್ ನಮ್ಮ ಗುಮಾಸ್ತರೇ. ಹೀಗೆ ಆಟ ಸಿದ್ಧವಾಯಿತು. ಹುಡುಗ ಬಗಲಲ್ಲಿ ಕೊಡೆ ಹಿಡಿದು ಓಡಬೇಕು, ನಾಯಿ ಬಂದರೆ ಹಾರಬೇಕು, ಚರಂಡಿ ಬಂದರೆ ಕೊಡೆ ಬಿಚ್ಚಿ ತೇಲಬೇಕು. ಬಿದ್ದರೆ ಜಾಹೀರಾತು.

ಗುಮಾಸ್ತರ ತಾಯಿ ಮೊದಮೊದಲು ಈ ಕಡೆ ತಲೆ ಹಾಕಲಿಲ್ಲ. ಈ ವಯಸ್ಸಲ್ಲಿ ನನಗ್ಯಾಕಪ್ಪ ಆಟ ಎಂದು ಕಿಟಕಿಯ ಹತ್ತಿರ ಸುಮ್ಮನೆ ಕುಳಿತಿರುತ್ತಿದ್ದರು. ಬೀದಿ ಬಿಟ್ಟು ಈ ಮನೆಗೆ ಬಂದಾಗಿನಿಂದ ಅವರು ಹಾಗೇ, ಮಾತು ಕಡಿಮೆ. ಒಂದು ದಿನ ಕನ್ನಡಕ ಏರಿಸಿಕೊಂಡು ಬಂದು ಪರದೆ ನೋಡಿದವರು, ಅಂಗಡಿಯ ಬಾಗಿಲಿಗೆ ನೀಲಿ ಬಳಿದಿದ್ದೀಯಲ್ಲೋ, ಅದು ಹಸಿರು ಎಂದರು. ಅಂದಿನಿಂದ ಮುಗಿಯಿತು. ಬಾಗಿಲಿನ ಕೊನೇ ಹಲಗೆ ಮಾತ್ರ ಬೇರೆ ಬಣ್ಣ, ಗಿರಣಿಯ ಮೆಟ್ಟಿಲು ಒಂದು ಪಕ್ಕ ಒಡೆದಿತ್ತು, ಕನ್ನಡಿ ಅಷ್ಟು ಎತ್ತರದಲ್ಲಿದ್ದರೆ ಮುಖ ನೋಡಿಕೊಳ್ಳುವವರು ಏಣಿ ತರಬೇಕಾಗಿತ್ತಾ, ಹೀಗೆ ದಿನಕ್ಕೊಂದು ತಕರಾರು. ಫೋನಿನಲ್ಲಿ ಗುಮಾಸ್ತರ ಅಕ್ಕನದು ಬೇರೆ ರಗಳೆ. ಮಹಡಿಯ ಕಿಟಕಿಯಲ್ಲಿ ತನ್ನನ್ನು ಬಾಯಿ ಮಾಡುವ ಹುಡುಗಿಯಂತೆ ಬರೆದಿದ್ದಾನೆ, ತಾನು ಜೀವಮಾನದಲ್ಲಿ ದನಿ ಎತ್ತಿದವಳಲ್ಲ ಎಂದು ಅವಳು ಕೂಗಾಡಿದ್ದು ಪಕ್ಕದ ಮನೆಗೂ ಕೇಳಿಸಿತು. ಕೊನೆಗೆ ಅವಳ ಕೈಗೊಂದು ಬಾಚಣಿಗೆ ಕೊಟ್ಟು ಗುಮಾಸ್ತರು ಬಚಾವಾದರು.

ಎಲ್ಲವೂ ಬರೆದಾಯಿತು, ಅಂಗಡಿಯ ಒಳಗೊಂದನ್ನು ಬಿಟ್ಟು. ಅಲ್ಲಿ ಅಪ್ಪ ಕೂರಬೇಕಿತ್ತು. ಎಷ್ಟು ಸಲ ಬರೆದರೂ ಅಪ್ಪನ ಮುಖ ಬರಲಿಲ್ಲ. ಒಂದು ಸಲ ಬ್ಯಾಂಕಿನ ಮ್ಯಾನೇಜರರಂತೆ ಕಂಡಿತು, ಇನ್ನೊಂದು ಸಲ ಗುಮಾಸ್ತರಂತೆಯೇ ಕಂಡಿತು. ಕೊನೆಗೆ ಅವರು ಅಂಗಡಿಯ ಬಾಯನ್ನು ಕತ್ತಲೆಯಾಗಿಯೇ ಬಿಟ್ಟರು. ಹಾಗೇ ಆಟ ಲೋಕಾರ್ಪಣೆಯಾಯಿತು.

ಅಕ್ಕ ಅದನ್ನು ತನಗೆ ಗೊತ್ತಿದ್ದ ಹಳೆಯ ಬೀದಿಯವರಿಗೆಲ್ಲ ಕಳಿಸಿದಳು. ಅವರು ತಮಗೆ ಗೊತ್ತಿದ್ದವರಿಗೆ ಕಳಿಸಿದರು. ಗುಮಾಸ್ತರ ಪರದೆಯ ಮೇಲೆ ಅಂಕಿಅಂಶಗಳು ಏರಿದ್ದೇ ಏರಿದ್ದು. ಜನ ಆಟ ತೆರೆಯುತ್ತಿದ್ದರು, ತೆರೆದವರು ಗಂಟೆಗಟ್ಟಲೆ ಅಲ್ಲೇ ಇರುತ್ತಿದ್ದರು. ಆದರೆ ಜಾಹೀರಾತಿನ ದುಡ್ಡಿನ ಲೆಕ್ಕದಲ್ಲಿ ಮಾತ್ರ ಸೊನ್ನೆ ಕಾಲು ಚಾಚಿ ಮಲಗಿತ್ತು. ಇದರಲ್ಲೇನೋ ಗೋಲ್‌ಮಾಲ್ ಇದೆ, ಕಂಪನಿಯವರು ನುಂಗುತ್ತಿದ್ದಾರೆ ಎಂದು ಗುಮಾಸ್ತರಿಗೆ ಅನುಮಾನ ಬಂತು. ತಾವೇ ಚರಂಡಿಗೆ ಬಿದ್ದು ನೋಡಿದರು. ಜಾಹೀರಾತು ಲಕ್ಷಣವಾಗಿ ಬಂತು. ಹಾಗಾದರೆ ಊರವರು ಯಾರೂ ಬೀಳುತ್ತಿಲ್ಲವೇ?

ಗಿರಣಿಯವರ ಮಗಳಿಗೆ ಫೋನು ಮಾಡಿ ಆಟ ಹೇಗಿದೆ ಎಂದು ಕೇಳಿದರು. ನೋಡಿ ಕಣ್ಣಲ್ಲಿ ನೀರು ಬಂತು ಎಂದಳು. ಎಷ್ಟು ಅಂಕ ಬಂತು ಎಂದು ಕೇಳಿದರು. ಅಂಕ ಬೇರೆ ಇದೆಯಾ ಎಂದಳು.

ಮರುದಿನ ಊಟವಾದ ಮೇಲೆ ಗುಟ್ಟು ರಟ್ಟಾಯಿತು. ಅಮ್ಮ ಕಿಟಕಿಯ ಹತ್ತಿರ ನೀರಿನ ತಂಬಿಗೆಗೆ ಫೋನನ್ನು ಆನಿಸಿಟ್ಟುಕೊಂಡು ಕುಳಿತಿದ್ದರು. ಪರದೆಯ ಮೇಲೆ ಮೊದಲ ಚಿತ್ರ. ಹುಡುಗ ಅಂಗಡಿಯ ಮುಂದೆ ನಿಂತು, ಓಡು ಎಂದು ಯಾರಾದರೂ ಹೇಳಲಿ ಎಂಬಂತೆ ಕಣ್ಣು ಮಿಟುಕಿಸುತ್ತಿದ್ದ. ಬಹಳ ಹೊತ್ತಾದರೂ ಅಮ್ಮ ಗುಂಡಿಯನ್ನು ಮುಟ್ಟಲಿಲ್ಲ.

"ಒತ್ತಮ್ಮಾ, ಅದನ್ನ ಒತ್ತಿದ್ರೆ ಆಟ ಶುರುವಾಗುತ್ತೆ," ಎಂದರು ಗುಮಾಸ್ತರು.

"ಗೊತ್ತು ಕಣೋ. ಒತ್ತಿದ್ರೆ ಅವನು ಓಡ್ತಾನೆ, ಅಂಗಡಿ ಹಿಂದಕ್ಕೆ ಹೋಗ್ಬಿಡುತ್ತೆ. ಮತ್ತೆ ಅವನು ಬೀಳೋ ತನಕ ನೋಡೋಕೆ ಸಿಗಲ್ಲ." ಕನ್ನಡಕ ಸರಿಮಾಡಿಕೊಂಡು ಹೇಳಿದರು, "ಒಂದ್ಸಲ ಒತ್ತಿದ್ದೆ. ಮಗು ಚರಂಡೀಗೆ ಬಿತ್ತು. ಆಮೇಲೆ ನಾನು ಆ ಕಡೆ ಕೈ ಹಾಕಿಲ್ಲ."

ಊರೂರಲ್ಲಿ ಚದುರಿದ ಬೀದಿಯವರೆಲ್ಲ ಹೀಗೇ ತಮ್ಮ ಬೀದಿಯನ್ನು ಎದುರಿಗಿಟ್ಟುಕೊಂಡು ಕುಳಿತಿದ್ದಾರೆ, ಹುಡುಗನನ್ನು ಓಡಿಸುವ ಮನಸ್ಸು ಯಾರಿಗೂ ಇಲ್ಲ ಎಂದು ತಿಳಿದು ಗುಮಾಸ್ತರಿಗೆ ಹೆಮ್ಮೆಯೂ ಆಯಿತು, ಹೊಟ್ಟೆಯೂ ಉರಿಯಿತು. ಯಾಕೆಂದರೆ ಶಾಲೆ ಶುರುವಾಗುವುದು ಹತ್ತಿರ ಬಂದಿತ್ತು. ಬಟ್ಟೆಯ ಥಾನುಗಳು ಆಗಲೇ ಮನೆಗೆ ಬಂದು ಬಿದ್ದಿದ್ದವು. ಹೆಂಡತಿ ಮಂಡಿ ಹಿಡಿದುಕೊಂಡು ಏಳುವುದೂ, ಸೊಂಟ ಹಿಡಿದುಕೊಂಡು ಕೂರುವುದೂ ನಡೆದಿತ್ತು. ಬಾಯಿ ಬಿಟ್ಟು ಏನೂ ಹೇಳುತ್ತಿರಲಿಲ್ಲ, ಅದೇ ದೊಡ್ಡ ಕಾಟ.

ಜನ ಓಡದಿದ್ದರೇನಂತೆ, ನಿಂತಲ್ಲಿಗೇ ಜಾಹೀರಾತು ಕೊಟ್ಟರಾಯಿತು ಎಂದು ಗುಮಾಸ್ತರ ಬುದ್ಧಿ ಓಡಿತು. ಮೊದಲ ಚಿತ್ರದಲ್ಲಿ ಜಾಗ ಹುಡುಕಿದರು. ಜಾಹೀರಾತಿನ ಚೌಕಕ್ಕೂ ಅಂಗಡಿಯ ಕತ್ತಲೆ ಬಾಯಿಗೂ ಅಳತೆ ಹೊಂದಿತು, ಹೊಲಿಗೆಯವಳು ಟೇಪು ಹಿಡಿದು ಕತ್ತರಿಸಿದರೂ ಅಷ್ಟು ಸರಿಯಾಗಿ ಕೂರುತ್ತಿರಲಿಲ್ಲ. ಹೇಗೂ ಖಾಲಿ ಜಾಗ, ಅಲ್ಲೇ ಕೂರಿಸಿದರು.

ಸಂಜೆ ಗೋದಾಮಿನಿಂದ ಬಂದು ಚಪ್ಪಲಿ ಬಿಡುತ್ತಿದ್ದಂತೆ ಅಮ್ಮ ಕರೆದರು.

"ಅಪ್ಪನ ಅಂಗಡೀನ ಯಾರಿಗೆ ಬಾಡಿಗೆಗೆ ಕೊಟ್ಯೋ?"

ಗುಮಾಸ್ತರು ಬಾಯಿ ಬಿಡುವುದರೊಳಗೆ ಅಮ್ಮ ದಿನದ ವರದಿಯನ್ನೆಲ್ಲ ಒಪ್ಪಿಸಿದರು. ಬೆಳಿಗ್ಗೆ ಯಾವನೋ ಹಾಸಿಗೆ ಮಾರುವವನು ಬಂದು ಕೂತಿದ್ದ. ಮಧ್ಯಾಹ್ನ ಬೋಳುತಲೆಗೆ ಎಣ್ಣೆ ಮಾರುವವನು. ಆಮೇಲೆ ಒಬ್ಬಳು ಸ್ನಾನದ ಬಟ್ಟೆಯಲ್ಲೇ ಅಂಗಡಿಯಲ್ಲಿ ನಿಂತಿದ್ದಳು, ಅಪ್ಪ ಇದ್ದಿದ್ದರೆ ಏನೆಂದುಕೊಳ್ಳುತ್ತಿದ್ದರು? ಗುಮಾಸ್ತರು ಜಾಹೀರಾತು, ಆದಾಯ ಎಂದೆಲ್ಲ ಬಿಡಿಸಿ ಹೇಳಿದರು. ಅಮ್ಮ ಪೂರ್ತಿ ಕೇಳಿಸಿಕೊಂಡರು.

"ನನ್ನನ್ನ ಒಂದು ಮಾತು ಕೇಳ್ಬಹುದಿತ್ತು," ಎಂದಷ್ಟೇ ಹೇಳಿ ಫೋನನ್ನು ಬೋರಲು ಹಾಕಿದರು. ಅದು ಹಾಗೇ ಬೋರಲಾಗಿಯೇ ಉಳಿಯಿತು. ಅಮ್ಮ ಮತ್ತೆ ಕಿಟಕಿಯಾಚೆ ನೋಡುತ್ತಾ ಕುಳಿತರು.

ಗುಮಾಸ್ತರಿಗೆ ಊಟ ಸೇರಲಿಲ್ಲ. ಜಾಹೀರಾತು ತೆಗೆದರೆ ಮಾನ ಹೋಗುತ್ತದೆ, ಇಟ್ಟರೆ ಅಮ್ಮನ ಮುಖ ನೋಡಲಾಗುವುದಿಲ್ಲ. ಸಂತೋಷದ ಸುದ್ದಿ ಅಂದರೆ ಜಾಹೀರಾತಿನಿಂದ ಏನೋ ಒಂದಿಷ್ಟು ಜಮೆಯಾಗತೊಡಗಿತ್ತು. ದುಃಖದ ಸುದ್ದಿ ಅಂದರೆ ಅದು ಇಂತಿಷ್ಟು ಆಗುವತನಕ ಕಂಪನಿಯವರು ಕೊಡುವುದಿಲ್ಲ, ಈ ವೇಗದಲ್ಲಿ ಅಷ್ಟಾಗಲು ಗುಮಾಸ್ತರು ಇನ್ನೊಂದು ಜನ್ಮ ಎತ್ತಬೇಕಿತ್ತು. ಎಲ್ಲ ಆಟಗಳಲ್ಲೂ ಇರುತ್ತದೆಂದು, ಆಡುವವರು ದುಡ್ಡು ಕೊಟ್ಟು ತಮ್ಮ ಫೋನಿನಿಂದ ಜಾಹೀರಾತುಗಳನ್ನೆಲ್ಲ ಶಾಶ್ವತವಾಗಿ ತೆಗೆಸಿಕೊಳ್ಳುವ ಒಂದು ಪುಟ್ಟ ಗುಂಡಿಯನ್ನೂ ಮೂಲೆಯಲ್ಲಿ ಇಟ್ಟರು. ತಲೆ ನೆಟ್ಟಗಿರುವವರು ಯಾರೂ ಕೊಡಲಾರದಂಥ ಬೆಲೆ ಇಟ್ಟರು. ಬೆಲೆ ಇಡುವುದರಲ್ಲಾದರೂ ಧಾರಾಳ ಇರಲಿ ಎಂದುಕೊಂಡರು.

ಶಾಲೆ ತೆರೆಯುವ ಹಿಂದಿನ ವಾರ ಅವರ ಫೋನು ಟಿಂಗ್ ಎಂದಿತು. ಯಾರೋ ಒಬ್ಬರು ಆ ಗುಂಡಿಯನ್ನು ಒತ್ತಿ ಪೂರ್ತಿ ಬೆಲೆ ಕೊಟ್ಟಿದ್ದರು.

ಗುಮಾಸ್ತರು ನೆಲದ ಮೇಲೆ ನಿಂತಿದ್ದರೆಂದು ಹೇಳುವಂತಿರಲಿಲ್ಲ. ಗೋದಾಮಿನಲ್ಲಿ ಎಲ್ಲರಿಗೂ ಟೀ ಕುಡಿಸಿ, ದಾರಿಯಲ್ಲಿ ಸಿಹಿ ಕಟ್ಟಿಸಿಕೊಂಡು ಮನೆಗೆ ಬಂದು, ನೆಲದ ಮೇಲೆ ಬಟ್ಟೆ ಹರವಿಕೊಂಡು ಕುಳಿತಿದ್ದ ಹೆಂಡತಿಯೆದುರು ಭಾಷಣಕ್ಕೆ ನಿಂತರು. ಅವಳ ತುಟಿಗಳ ನಡುವೆ ಸಾಲು ಗುಂಡುಪಿನ್ನುಗಳಿದ್ದವು, ಎದುರಾಡುವ ಹಾಗಿರಲಿಲ್ಲ. ಇಂಥ ಅವಕಾಶ ಗಂಡಸಿಗೆ ಪದೇಪದೇ ಸಿಗುವುದಿಲ್ಲ. ಎಲ್ಲೋ ಒಬ್ಬ ರಸಿಕನಿದ್ದಾನೆ ಎಂದರು ಗುಮಾಸ್ತರು. ಅವನಿಗೆ ಕಲೆಯ ಬೆಲೆ ಗೊತ್ತಿದೆ. ಅವನು ಕೊಟ್ಟದ್ದು ದುಡ್ಡಲ್ಲ, ಗೌರವ. ಅವನ ವಿಳಾಸ ಸಿಕ್ಕರೆ ಕಾಲಿಗೆ ಬೀಳಲೂ ತಾನು ಸಿದ್ಧ. ಮನೆಯವರು ಗುರುತಿಸದಿದ್ದರೇನು, ಲೋಕ ಗುರುತಿಸುತ್ತದೆ.

ಹೆಂಡತಿ ಒಂದೊಂದಾಗಿ ಪಿನ್ನುಗಳನ್ನು ಬಟ್ಟೆಗೆ ಚುಚ್ಚಿ ಮುಗಿಸಿ ತಲೆ ಎತ್ತಿದಳು.

"ಯಾರ ಕಾಲಿಗೂ ಬೀಳ್ಬೇಡಿ, ಸೊಂಟ ಹಿಡಿಯುತ್ತೆ. ಆ ರಸಿಕ ನೀವೇ. ಅತ್ತೆ ಫೋನಿನ ಮುಖಾನೇ ನೋಡ್ತಿರ್ಲಿಲ್ಲ, ನನಗೆ ನೋಡೋಕಾಗ್ಲಿಲ್ಲ. ಅವರ ಫೋನಲ್ಲಿ ನಾನೇ ಒತ್ತಿದೆ."

ಅಮ್ಮನ ಫೋನಿಗೆ ತಮ್ಮ ಕಾರ್ಡನ್ನು ಜೋಡಿಸಿಟ್ಟಿದ್ದವರು ಸ್ವತಃ ಗುಮಾಸ್ತರು (ಬಿಲ್ಲು ಕಟ್ಟಲು ಅನುಕೂಲವೆಂದು). ಅವರ ಒಂದು ಜೇಬಿನಿಂದ ಹೊರಟ ದುಡ್ಡು ಕಂಪನಿಯ ಪಾಲನ್ನು ಅಲ್ಲಿಟ್ಟು, ಬಡಕಲಾಗಿ, ಇನ್ನೊಂದು ಜೇಬಿಗೆ ಬರುವ ದಾರಿಯಲ್ಲಿತ್ತು. ಷರತ್ತಿನ ಪ್ರಕಾರ ದುಡ್ಡು ಬಂದ ಹಾಗೇ ಲೆಕ್ಕ, ಮೇಜು ನಿಮ್ಮದೇ ಎಂದು ಹೆಂಡತಿ ನ್ಯಾಯ ಹೇಳಿದಳು. ಹೇಳಿ ಏಳಲು ಹೋಗಿ, ಏಳಲಾಗದೆ ಕೈ ಚಾಚಿದಳು. ಅವಳನ್ನು ಎಬ್ಬಿಸಿ ನಿಲ್ಲಿಸಿದ ಗುಮಾಸ್ತರು ಕಂಪ್ಯೂಟರನ್ನು ಎತ್ತಿ ಅಮ್ಮನ ಕೋಣೆಯ ಸ್ಟೂಲಿಗೆ ಸಾಗಿಸಿದರು.

ಅಲ್ಲಿ ಅಮ್ಮ ಫೋನು ಹಿಡಿದುಕೊಂಡೇ ಕುಳಿತಿದ್ದರು. ಬಾಡಿಗೆದಾರ ಖಾಲಿ ಮಾಡಿದ್ದ.

"ಖಾಲಿ ಅಂಗಡಿ ನೋಡೋಕೂ ಆಗಲ್ಲ ಕಣೋ," ಎಂದರು ಅಮ್ಮ. "ಅವರನ್ನ ಕೂರಿಸು."

ಮುಖ ಬರುವುದಿಲ್ಲ ಎಂದು ಗುಮಾಸ್ತರು ಒಪ್ಪಿಕೊಂಡರು. ಅಮ್ಮ ನಕ್ಕುಬಿಟ್ಟರು. ಅಂಗಡಿಯಲ್ಲಿ ಅವರ ಮುಖ ಯಾರಿಗೆ ಕಂಡಿತ್ತು, ಸದಾ ಕೊಡೆ ಬಿಚ್ಚಿ ಬೆಳಕಿಗೆ ಹಿಡಿದು ತೂತು ಹುಡುಕುತ್ತಿದ್ದರಲ್ಲ, ನಾನು ಊಟದ ಡಬ್ಬಿ ತಗೊಂಡು ಹೋದರೆ ಕೊಡೆಯ ಜೊತೆಗೇ ಮಾತಾಡಿ ಬರಬೇಕಿತ್ತು ಎಂದರು. ಗುಮಾಸ್ತರು ಎಲ್ಲರ ಫೋನಿನಲ್ಲೂ ಅಂಗಡಿಯಿಂದ ಜಾಹೀರಾತನ್ನು ಎಬ್ಬಿಸಿ ಹಾಗೇ ಬರೆದರು. ಬಿಚ್ಚಿದ ಒಂದು ದೊಡ್ಡ ಕರೀ ಕೊಡೆ, ಅದರ ಅಂಚಿನ ಕೆಳಗೆ ಎರಡು ಮಂಡಿ, ಹಿಡಿಕೆಯನ್ನು ಹಿಡಿದ ನಾಲ್ಕು ಬೆರಳು. ಬರೆದದ್ದು ಅಷ್ಟೇ, ಆದರೆ ಅಂಗಡಿಯಲ್ಲಿ ಅಪ್ಪ ಇದ್ದರು. ಅಮ್ಮ ಬಹಳ ಹೊತ್ತು ನೋಡಿದರು. ಸೆರಗಿನಿಂದ ಮೊದಲು ಪರದೆ ಒರೆಸಿದರು, ಆಮೇಲೆ ಕಣ್ಣು.

"ಈಗ ಅವನು ಓಡ್ಲಿ ಬಿಡು," ಎಂದರು. "ಬಿದ್ರೂ ವಾಪಸ್ ಬರೋ ಹೊತ್ತಿಗೆ ಅಂಗಡೀಲಿ ಅವರು ಇರ್ತಾರೆ."

ಗುಂಡಿ ಒತ್ತಿದರು. ಹುಡುಗ ಓಡಿದ, ಚರಂಡಿಗೆ ಬಿದ್ದ, ಮತ್ತೆ ಅಂಗಡಿಯ ಮುಂದೆ ಬಂದು ನಿಂತ. ಮತ್ತೆ ಓಡಿಸಿದರು. ನಾಯಿ ಕಚ್ಚಿತು. ಈ ದರಿದ್ರ ನಾಯಿ ಆಗಲೂ ಹೀಗೇ ಎಂದು ಬೈದು ಮತ್ತೆ ಓಡಿಸಿದರು. ಆಗಿನಿಂದ ಅಮ್ಮನನ್ನು ಹಿಡಿಯುವವರಿಲ್ಲ. ಬೆಳಗಿನ ಕಾಫಿಯಿಂದ ದೀಪ ಆರಿಸುವತನಕ ಬೀಳುವುದೇ ಬೀಳುವುದು, ಏಳುವುದೇ ಏಳುವುದು. ಎದ್ದಾಗಲೆಲ್ಲ ಅಂಗಡಿಯ ಕಡೆ ಒಮ್ಮೆ ನೋಡುವುದು. ಹಳೆಯ ಬೀದಿಯವರೆಲ್ಲ ಇಂದಿಗೂ ಹುಡುಗನನ್ನು ನಿಲ್ಲಿಸಿಕೊಂಡೇ ಕುಳಿತಿದ್ದಾರೆ. ಇಡೀ ಲೋಕದಲ್ಲಿ ಗುಮಾಸ್ತರ ಆಟದಲ್ಲಿ ಇಷ್ಟು ಉದಾರವಾಗಿ ಸೋಲುವವರು ಅಮ್ಮ ಒಬ್ಬರೇ, ಒಂದೊಂದು ಸೋಲಿಗೂ ಒಂದೊಂದು ಜಾಹೀರಾತು ಬರಬೇಕಿತ್ತು. ಆ ಒಂದು ಫೋನಿಗೆ ಮಾತ್ರ ಜಾಹೀರಾತು ಎಂದೆಂದಿಗೂ ಬರದಂತೆ ಗುಮಾಸ್ತರು ಪೂರ್ತಿ ಬೆಲೆ ತೆತ್ತಿದ್ದಾರೆ.