ರಾಮಪ್ರಸಾದನ ‘ಹಿಸ್’ ಪಾಠ

“ಇನ್ನು ಎಂಟೇ ದಿನ! ಅಷ್ಟರಲ್ಲಿ ನಿನ್ನ ಬಾಯಲ್ಲಿ ಇಂಗ್ಲಿಷ್ ನೀರು ಹರಿದ ಹಾಗೆ ಹರೀಲಿಲ್ಲ ಅಂದ್ರೆ ನನ್ನ ಹೆಸರು ರಾಮಪ್ರಸಾದನೇ ಅಲ್ಲ!”

ಹೆಂಡತಿಯೆದುರು ಹೀಗೆ ಘೋಷಿಸಿದಾಗ ಅವನು ಬನಿಯನ್, ಪಂಚೆಯಲ್ಲಿದ್ದ. ದನಿ ಮಾತ್ರ ಸಿಂಹಾಸನದಿಂದಲೇ ಬಂದಂತಿತ್ತು!

ಅದು ಎಪ್ಪತ್ತೊಂಬತ್ತನೆಯ ಇಸವಿ. ಜೆ.ಪಿ. ನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಪುಟ್ಟೇನಹಳ್ಳಿ ಕೆರೆಯ ಗಾಳಿ ಯಾರ ಅಪ್ಪಣೆಯನ್ನೂ ಕೇಳದೆ ನಡುಮನೆಯವರೆಗೆ ಬರುತ್ತಿತ್ತು. ಅದರ ಹಿಂದೆಯೇ ಆಗಾಗ ಹಾವೂ ಬರುತ್ತಿತ್ತು. ಮಗಳು ಪುಟ್ಟಿಗೆ ಜಯನಗರದ ಒಂದು ಕಾನ್ವೆಂಟಿನಲ್ಲಿ ಸೀಟು ಬೇಕಿತ್ತು. ಅಲ್ಲಿ ಅಪ್ಪ ಅಮ್ಮ ಇಬ್ಬರಿಗೂ ಇಂಗ್ಲಿಷಿನಲ್ಲೇ ಇಂಟರ್‌ವ್ಯೂ ಎಂದು ಆಫೀಸಿನಲ್ಲಿ ಯಾರೋ ಹೆದರಿಸಿದ್ದರು. ಕನ್ನಡ ಮೀಡಿಯಮ್ಮಿನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ್ದ ಹೆಂಡತಿ ಕಾತ್ಯಾಯಿನಿಗೆ ಅಂದಿನಿಂದ ಊಟ ಸೇರುತ್ತಿರಲಿಲ್ಲ.

“ಗ್ರಾಮರ್ ಬೇಡ, ಸದ್ದಿನಿಂದ ಶುರು ಮಾಡೋಣ,” ಎಂದ ರಾಮಪ್ರಸಾದ. “ಇಂಗ್ಲಿಷಲ್ಲಿ ಕೆಲವು ಪದ ಕಿವಿಗೆ ಹೇಗೆ ಕೇಳುತ್ತೋ ಹಾಗೇ ಇರುತ್ತೆ. ದುಂಬಿ ಗುಂಯ್ ಅಂದ್ರೆ ಬಜ್!”

“ಬಜ್ಜೀನಾ?”

“ಬಜ್ಜಿ ಅಲ್ಲ ಕಣೇ, ಬಜ್! ಬಜ್ಜಿ ಎಣ್ಣೇಲಿ ಚುಂಯ್ ಅಂದ್ರೆ ಸಿಜಲ್. ಸೋಡಾ ಬುರುಬುರು ಅಂದ್ರೆ ಫಿಜ್. ಹಾವು ಬುಸ್ ಅಂದ್ರೆ ಹಿಸ್.”

“ನಮ್ಮ ಬುಸ್‌ಗೆ ಏನು ರೋಗ ಬಂದಿತ್ತು? ಕೇಳಿದ್ರೇ ಮೈ ಜುಮ್ಮನ್ನುತ್ತೆ. ನಿಮ್ಮ ಹಿಸ್ಸು ನೆಗಡಿಯಾದ ಹಾವಿನ ಥರ ಇದೆ!”

ಆದರೂ ಕಲಿತಳು. ಒಗ್ಗರಣೆ ಹಾಕುತ್ತಾ ಸಿಜಲ್, ಸೊಳ್ಳೆ ಹೊಡೆಯುತ್ತಾ ಬಜ್! ಇಂಟರ್‌ವ್ಯೂಗೆ ಒಂದೇ ದಿನ ಉಳಿದಾಗ, ಭಾನುವಾರ ಬೆಳಿಗ್ಗೆ, ರಾಮಪ್ರಸಾದ ಹೊಸ ಕಾನೂನು ತಂದ. ಮನೆಯಲ್ಲಿ ಕನ್ನಡ ಬಂದ್! ಇಂಗ್ಲಿಷ್ ಮಾತ್ರ! ಕಾನೂನು ಮಾಡಿ, ವರಾಂಡದ ಬೆತ್ತದ ಕುರ್ಚಿಯಲ್ಲಿ ಪೇಪರ್ ಹಿಡಿದು ಕುಳಿತ.

ಒಲೆಯ ಮೇಲೆ ಬೇಳೆ ಇಟ್ಟಿದ್ದ ಕುಕ್ಕರ್ ಅಂದು ಕೂಗಲೇ ಇಲ್ಲ. ಮುಚ್ಚಳದ ಸುತ್ತ ಹಬೆ ಬುಸುಗುಡತೊಡಗಿತು. ಹತ್ತಿರ ಹೋಗಲು ಕಾತ್ಯಾಯಿನಿಗೆ ಧೈರ್ಯ ಸಾಲಲಿಲ್ಲ.

“ರೀ, ಹಿಸ್!” ಎಂದು ಕೂಗಿದಳು.

“ವೆರಿ ಗುಡ್!” ಎಂದ ಗಂಡ, ಪೇಪರಿನಿಂದ ತಲೆಯೆತ್ತದೆ.

“ಬಿಗ್ ಹಿಸ್! ಕಮ್, ಕಮ್!”

“ವೇರ್?”

“ಕಿಚನ್! ನಿಯರ್ ಸ್ಟವ್!”

ಆಗ ಅವನಿಗೆ ಜ್ಞಾನೋದಯವಾಯಿತು. ಪೇಪರ್ ಒಂದು ಕಡೆ, ಚಪ್ಪಲಿ ಇನ್ನೊಂದು ಕಡೆ! ಗುರುವರ್ಯರು ಕುರ್ಚಿಯ ಮೇಲೆ ಹತ್ತಿ ನಿಂತು ಅಚ್ಚಗನ್ನಡದಲ್ಲಿ ಅರಚಿದರು: “ಹಾವು! ಹಾವು!”

ಎದುರಿನ ಸೈಟಿನಲ್ಲಿ ಎಮ್ಮೆ ಮೇಯಿಸುತ್ತಿದ್ದ ಉಗ್ರಪ್ಪ ದೊಣ್ಣೆ ಹಿಡಿದು ಓಡಿ ಬಂದ. ಅವನ ಹಿಂದೆ ಬೀದಿಯೇ ಬಂತು. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಹಾಸಿಗೆ, ಟ್ರಂಕು, ಮದುವೆ ಫೋಟೋ ಎಲ್ಲವೂ ಅಂಗಳಕ್ಕೆ ಬಿದ್ದವು.

“ನೋ ಸ್ನೇಕ್! ಹಿಸ್! ಓನ್ಲಿ ಹಿಸ್!” ಎಂದು ಕಾತ್ಯಾಯಿನಿ ಎರಡೂ ಕೈ ಬೀಸಿದಳು.

“ಹಾವಿಲ್ಲದೆ ಹಿಸ್ ಎಲ್ಲಿಂದ ಬರುತ್ತೆ? ಕನ್ನಡದಲ್ಲಿ ಹೇಳೇ!”

“ನೀವೇ ಅಲ್ವೇನ್ರೀ ಬೇಡ ಅಂದಿದ್ದು? ಕುಕ್ಕರ್! ಕುಕ್ಕರ್!”

ಅಷ್ಟರಲ್ಲಿ ಅಡುಗೆಮನೆಯಿಂದ ಉಗ್ರಪ್ಪನ ವಿಜಯಘೋಷ ಕೇಳಿತು. “ಸಿಕ್ತು ಸ್ವಾಮಿ! ಒಲೆ ಹತ್ರಾನೇ ಬುಸುಗುಟ್ತೈತೆ!”

ದೊಣ್ಣೆ ಕುಕ್ಕರಿನ ಮೇಲೆ ಬಿತ್ತು. ಢಂ! ಬೇಳೆಯೆಲ್ಲ ಸೂರಿಗೆ ಹಾರಿ, ಅಲ್ಲಿಂದ ನಿಧಾನವಾಗಿ ಎಲ್ಲರ ಮೇಲೂ ಇಳಿಯಿತು. ಪುಣ್ಯಕ್ಕೆ ಯಾರಿಗೂ ಸುಡಲಿಲ್ಲ. ಉಗ್ರಪ್ಪ ಮೀಸೆಗಂಟಿದ ಬೇಳೆ ಚಪ್ಪರಿಸಿ, “ಉಪ್ಪು ಕಮ್ಮಿ ಆಗೈತೆ ತಾಯೀ,” ಎಂದ.

ಆ ಕಾಲದಲ್ಲಿ ಮನೆಗೆ ಬಂದವರು ಹಾಗೇ ಹೋಗುತ್ತಿರಲಿಲ್ಲ. ಹಾವು ಹೊಡೆಯಲು ಬಂದವರೆಲ್ಲ ಸಾಮಾನು ಒಳಗಿಟ್ಟು, ನೆಲ ಒರೆಸಿ, ಅಂಗಳದಲ್ಲೇ ಕುಳಿತು ಉಪ್ಪಿಟ್ಟು ತಿಂದು ಹೋದರು. ಅಷ್ಟು ಜನ ಒಟ್ಟಿಗೆ ಕೂತು ನಕ್ಕ ಭಾನುವಾರ ಆ ಬೀದಿಗೆ ಮತ್ತೆ ಬರಲಿಲ್ಲವೆಂದು ಕಾತ್ಯಾಯಿನಿ ಈಗಲೂ ಹೇಳುತ್ತಾಳೆ.

ಸೋಮವಾರ ಕಾನ್ವೆಂಟಿನಲ್ಲಿ ದಪ್ಪ ಕನ್ನಡಕದ ಸಿಸ್ಟರ್ ಇಂಗ್ಲಿಷಿನಲ್ಲಿ, ಮನೆಯಲ್ಲಿ ಯಾವ ಭಾಷೆ ಮಾತಾಡುತ್ತೀರಿ ಎಂದು ಕೇಳಿದರು.

“ಇಂಗ್ಲಿಷ್, ಸಿಸ್ಟರ್!” ಎಂದು ರಾಮಪ್ರಸಾದ ಎದೆಯುಬ್ಬಿಸಿದ. “ಎಸ್ಟರ್‌ಡೇ ಆಲ್ಸೋ!”

ಸಿಸ್ಟರ್ ಕಾತ್ಯಾಯಿನಿಯ ಕಡೆ ತಿರುಗಿದರು. “ಹೌದೇನಮ್ಮಾ?”

ಕನ್ನಡ! ಅದೂ ಕೋಲಾರದ ಕಡೆಯ ಕನ್ನಡ! ಎಂಟು ದಿನದಿಂದ ಬಿಗಿಹಿಡಿದಿದ್ದ ಕಾತ್ಯಾಯಿನಿಯ ನಾಲಿಗೆ ಸಡಿಲವಾಯಿತು. ಬಜ್ಜಿಯಿಂದ ಹಿಡಿದು ಉಪ್ಪಿಟ್ಟಿನವರೆಗೆ ಒಂದನ್ನೂ ಬಿಡದೆ ಹೇಳಿದಳು. ಸಿಸ್ಟರ್ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಾ ನಕ್ಕರು, ಫಾರಮ್ಮಿಗೆ ಸಹಿ ಹಾಕಿದರು.

“ಸೀಟು ಕೊಟ್ಟಿದೀನಿ. ಇಂಗ್ಲಿಷ್ ನಾವು ಕಲಿಸ್ತೀವಿ. ಕನ್ನಡದಲ್ಲಿ ಕಥೆ ಅಮ್ಮ ಹೇಳ್ಲಿ.”

“ನಾನು, ಸಿಸ್ಟರ್?” ಎಂದ ರಾಮಪ್ರಸಾದ ಮೆಲ್ಲಗೆ.

“ನೀವು ಮಗೂನ ದಿನಾ ಸ್ಕೂಲಿಗೆ ಕರ್ಕೊಂಡು ಬನ್ನಿ ಸಾರ್. ದಾರೀಲಿ ಮಾತ್ರ ದಯವಿಟ್ಟು ಏನೂ ಕಲಿಸಬೇಡಿ!”