ಅಮ್ಮನ ಪ್ರಾರ್ಥನೆಯೊಳಗೆ ನನ್ನ ಹೆಸರು

ಯಾರಾದರೂ "ಪ್ರಾರ್ಥನೆ ಮಾಡೋಣ" ಎಂದರೆ ಎಲ್ಲರೂ ಎರಡು ಕಣ್ಣು ಮುಚ್ಚುತ್ತಾರೆ, ನಾನು ಒಂದನ್ನೇ ಮುಚ್ಚುತ್ತೇನೆ. ನಲವತ್ತು ದಾಟಿದರೂ ಈ ಚಟ ಹೋಗಿಲ್ಲ. ಇದಕ್ಕೆ ಕಾರಣ ನಮ್ಮಮ್ಮ. ನಮ್ಮ ಕಡೆ ಹಡೆದವಳು ಅವ್ವ, ಅವ್ವನ ಅವ್ವ ಅಮ್ಮ. ಅಮ್ಮ ಸುಳ್ಳು ಹೇಳುತ್ತಿರಲಿಲ್ಲ, ಚಾಡಿ ಹೇಳುತ್ತಿರಲಿಲ್ಲ. ಯಾರ ತಪ್ಪಿದ್ದರೂ ನೇರ ದೇವರಿಗೆ ಹೇಳುತ್ತಿದ್ದಳು, ಅದೂ ಗಟ್ಟಿಯಾಗಿ, ಇದ್ದದ್ದು ಇದ್ದ ಹಾಗೆ. ಹಾಗಾಗಿ ಮುಜುಗರದ ಪ್ರಸಂಗಗಳು ನಮ್ಮ ಮನೆಯಲ್ಲಿ ವಾರಕ್ಕೊಂದು ಇದ್ದೇ ಇರುತ್ತಿದ್ದವು. ನೆನೆಸಿಕೊಂಡರೆ ನಗು ಬರುತ್ತದೆ. ನಕ್ಕು ಮುಗಿಯುವುದರೊಳಗೆ ನಾಚಿಕೆಯೂ ಬರುತ್ತದೆ.

ಬಲಗಿಸೆ

ಕೊಪ್ಪಳ ಜಿಲ್ಲೆಯಾದ ವರ್ಷ ನಾನು ಏಳನೆಯ ತರಗತಿ. ಗಣಿತ ಪರೀಕ್ಷೆಯ ದಿನ ಅಮ್ಮ ಭಾನುವಾರದ ಬಿಳಿ ಸೀರೆ ಉಟ್ಟು ಶಾಲೆಯ ತನಕ ಬಂದಳು. ಬಾಗಿಲಲ್ಲೇ ಹೆಡ್‌ಮಾಸ್ತರರು ನಿಂತಿದ್ದರು.

"ಸರ, ಎರಡ ನಿಮಿಷ ಪ್ರಾರ್ಥನಿ ಮಾಡ್ತೀನ್ರಿ."

"ಮಾಡ್ರಿ ಅಮ್ಮಾರ, ದೇವರು ಯಾವ್ದಾದ್ರೇನು" ಎಂದು ಅವರೂ ಕೈಮುಗಿದು ಕಣ್ಣು ಮುಚ್ಚಿದರು.

"ಯೇಸಪ್ಪ ತಂದೀ, ನನ್ನ ಮೊಮ್ಮಗ ನಿನ್ನೆ ಸಂಜಿಮುಂದ ಕುಂತು ಸೂತ್ರ ಎಲ್ಲಾ ಸಣ್ಣ ಅಕ್ಷರದಾಗ ಚೀಟಿಗೆ ಬರಕೊಂಡಾನ. ಆ ಚೀಟಿ ಚಣ್ಣದ ಬಲಗಿಸೇದಾಗ ಐತಿ. ಅವಂಗ ಬುದ್ಧಿ ಕೊಡು. ಅದು ತಡ ಆಗ್ತದಂದ್ರ, ಈ ಸರ್‌ಗೆ ತಾಳ್ಮಿನರ ಕೊಡು."

ಮೊದಲು "ಆಮೆನ್" ಅಂದವರು ಹೆಡ್‌ಮಾಸ್ತರರು. ಆಮೇಲೆ ನನ್ನ ಚಡ್ಡಿಯ ಬಲಗಿಸೆಗೆ ಕೈ ಹಾಕಿದರು.

ಪರೀಕ್ಷೆ ಮುಗಿಸಿ ಬಂದು ಅಮ್ಮನ ಮೇಲೆ ಹಾರಾಡಿದೆ. ಅವಳು ತಣ್ಣಗೆ, "ನಾ ಹೇಳಿದ್ದು ದೇವರಿಗಪ್ಪ. ಅವರು ಕಣ್ಣ ಮುಚ್ಚಿದ್ರು, ಕಿವೀನೂ ಮುಚ್ಚ್ರಿ ಅನ್ನಾಕ ಆಕ್ಕೈತೇನು?" ಎಂದಳು.

ನೀಲಿ ಅಂಗಿ

ಅಮ್ಮನಿಗೆ ಇನ್ನೊಂದು ರೂಢಿ. ಯಾರಿಗಾಗಿ ಪ್ರಾರ್ಥಿಸಿದರೂ ದೇವರಿಗೆ ಅವರ ಮನೆಯ ದಾರಿ ಹೇಳಬೇಕು. "ದೇವರಿಗೆ ದಾರಿ ಗೊತ್ತಿರಂಗಿಲ್ಲೇನು?" ಎಂದು ಒಮ್ಮೆ ಕೇಳಿದ್ದೆ. "ಗೊತ್ತಿರ್ತೈತಿ. ಆದರ ಅವನಿಗೆ ಭಾಳ ಮನಿ ಅದಾವು" ಎಂದಿದ್ದಳು.

ಕಾಲೇಜಿನ ದಿನಗಳಲ್ಲಿ ಒಮ್ಮೆ ಗಂಗಾವತಿ ಬಸ್ಸಿನಲ್ಲಿ ನಾನು ಗೆಳೆಯರ ಜೊತೆ ಮುಂದೆ ಕೂತಿದ್ದೆ, ಅಮ್ಮ ಹಿಂದೆ. ಅವಳ ಪಕ್ಕದ ಹಿಟ್ನಾಳದ ಹೆಂಗಸು ತನ್ನ ಎಮ್ಮೆ ಹಾಲು ಕೊಡುತ್ತಿಲ್ಲ ಎಂದು ದುಃಖ ತೋಡಿಕೊಂಡಳು. ಅಮ್ಮ ಅಲ್ಲೇ ಕಣ್ಣು ಮುಚ್ಚಿದಳು.

"ತಂದೀ, ಹಿಟ್ನಾಳದಾಗ ಬಸ್ ಇಳದು ಎಡಕ್ಕ ಹೊಳ್ಳಬೇಕು. ಗಿರಣಿ ದಾಟಿ... ಎಷ್ಟನೇ ಮನೀವ್ವಾ?"

"ಮೂರನೇದ್ರಿ."

"ಮೂರನೇ ಮನಿ. ಕರೀ ಎಮ್ಮಿ. ಎಡಗೊಂಬು ಮುರದೈತಂತ."

ಬಸ್ಸೆಲ್ಲ ನಕ್ಕಿತು. ಗೆಳೆಯನೊಬ್ಬ, "ಆ ಮುದುಕಿ ನಿಮ್ಮ ಪೈಕಿ ಏನಲೇ?" ಎಂದ. ನಾನು ತಿರುಗಿಯೂ ನೋಡದೆ, "ನನಗ ಗುರುತಿಲ್ಲಲೇ" ಎಂದೆ. ಅಮ್ಮನ ಕಿವಿ ಚುರುಕು. ಇನ್ನೂ ಆಮೆನ್ ಅಂದಿರಲಿಲ್ಲ.

"ಹಂಗ ತಂದೀ, ಇದ ಬಸ್ಸಿನ್ಯಾಗ, ಡ್ರೈವರನ ಹಿಂದಿನ ಸೀಟಿನ್ಯಾಗ, ಕಿಡಕಿ ಬಾಜು, ನೀಲಿ ಅಂಗಿ ಹುಡುಗ. ತನ್ನ ಅಮ್ಮ ಯಾರಂತ ಮರತಾನ. ನೆನಪು ಮಾಡಿಕೊಡು."

ಆ ಎಮ್ಮೆ ಹಾಲು ಕೊಟ್ಟಿತೋ ಇಲ್ಲವೋ ತಿಳಿಯದು. ನಾನಂತೂ ಆ ನೀಲಿ ಅಂಗಿಯನ್ನು ಮತ್ತೆ ತೊಡಲಿಲ್ಲ.

ಹುಟ್ಟಾ ಮೂಗಿ

ಮುಂದೆ ನನಗೆ ಯಲಬುರ್ಗಾದಲ್ಲಿ ನೌಕರಿ ಸಿಕ್ಕಿತು, ಕುಷ್ಟಗಿಯಲ್ಲೊಂದು ಹೆಣ್ಣಿದೆಯೆಂದೂ ತಿಳಿಯಿತು. ಹೆಣ್ಣು ನೋಡಲು ಹೋಗುವಾಗ ಬಸ್ಸಿನಲ್ಲೇ ಅಮ್ಮನ ಕೈ ಹಿಡಿದುಕೊಂಡೆ.

"ಅಮ್ಮಾ, ನಿನ್ನ ಕಾಲ ಬೀಳ್ತೀನಿ, ಇವತ್ತೊಂದಿನ ಬಾಯಿ ತಗೀಬ್ಯಾಡ."

ಅವಳು, "ನಿನ್ನ ಮದಿವಿ ಸಂಬಂಧ ಒಂದಿನ ತಾನ? ಆತು" ಎಂದಳು. ಕೊಟ್ಟ ಮಾತಿಗೆ ತಪ್ಪುವವಳಲ್ಲ. ಹುಡುಗಿಯ ತಂದೆ, "ಆರಾಮ ಅದೀರೇನ್ರಿ ಅಮ್ಮಾರ?" ಎಂದು ಕೇಳಿದರೂ ಅಮ್ಮ ಬಾಯಿ ಬಿಡದೆ ನನ್ನ ಮುಖ ನೋಡಿದಳು. ಎರಡನೇ ಸಲ ಕೇಳಿದರು. ಗಾಬರಿಯಲ್ಲಿ ನನ್ನ ನಾಲಿಗೆ ತಾನೇ ಹೊರಳಿತು.

"ಅವರಿಗೆ ಮಾತು ಬರಂಗಿಲ್ರಿ. ಹುಟ್ಟಾ ಮೂಗಿ."

ಅಮ್ಮನ ಕಣ್ಣು ಒಂದು ಕ್ಷಣ ನನ್ನ ಮೇಲೆ ನಿಂತಿತು. ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲೂ ಬಾಯಿ ಇರಲಿಲ್ಲ, ನಾನೇ ಕಿತ್ತುಕೊಂಡಿದ್ದೆ.

ಊಟಕ್ಕೆ ಕೂತಾಗ ಹುಡುಗಿಯ ತಂದೆ, "ಹಿರೇರು ನೀವ ಪ್ರಾರ್ಥನಿ ಮಾಡ್ರಿ. ಮನಸಿನ್ಯಾಗ ಮಾಡಿದ್ರೂ ಅವನಿಗೆ ಕೇಳ್ತೈತಿ" ಎಂದರು. ಎಲ್ಲರೂ ಕಣ್ಣು ಮುಚ್ಚಿದರು. ನಾನು ರೂಢಿಯಂತೆ ಒಂದನ್ನು ಬಿಟ್ಟಿದ್ದೆ. ನೋಡುತ್ತೇನೆ, ಅಮ್ಮ ಕೈಸನ್ನೆಯಲ್ಲಿ ಪ್ರಾರ್ಥನೆ ನಡೆಸಿದ್ದಾಳೆ. ಮೊದಲು ದಾರಿ: ಎಡಕ್ಕೆ, ಬಲಕ್ಕೆ, ಮೆಟ್ಟಿಲು. ಆಮೇಲೆ ನನ್ನತ್ತ ಬೆರಳು. ಆಮೇಲೆ ಎರಡು ಬೆರಳು ತುಟಿಗೆ ಹಚ್ಚಿ, ಹೊಗೆ ಬಿಟ್ಟಂತೆ ಊದಿ, ಬುದ್ಧಿ ಕೊಡು ಎಂದು ಮೇಲೆ ಕೈಯೆತ್ತಿದಳು. ಸದ್ಯ, ಯಾರೂ ನೋಡಲಿಲ್ಲ ಎಂದುಕೊಂಡೆ.

ಊಟವಾದ ಮೇಲೆ ಹುಡುಗಿಯ ಜೊತೆ ಮಾತಾಡಲು ಹಿತ್ತಲಿಗೆ ಕಳಿಸಿದರು. ಅವಳ ಮೊದಲ ಪ್ರಶ್ನೆ: "ದಿನಕ್ಕ ಎಷ್ಟು ಸಿಗರೇಟ್ರಿ?"

ಅವಳೂ ಒಂದೇ ಕಣ್ಣು ಮುಚ್ಚುವವಳು.

ಮಾವನವರ ಅದ್ಭುತ

ನಿಶ್ಚಯ ನಮ್ಮ ಮನೆಯಲ್ಲಿ ನಡೆಯಿತು. ಪಾಸ್ಟರು "ಅಮ್ಮಾರ ಪ್ರಾರ್ಥನಿ ಮಾಡ್ಲಿ" ಎಂದದ್ದೇ ತಡ, ಅಮ್ಮ ಗಟ್ಟಿ ಕಂಠದಲ್ಲಿ ಶುರುಮಾಡಿದಳು. ಮಾತು ಕೊಟ್ಟದ್ದು ಒಂದು ದಿನಕ್ಕೆ, ಆ ದಿನ ಎಂದೋ ಮುಗಿದಿತ್ತು. ಮಾವನವರು ಕಣ್ಣು ಬಿಟ್ಟರು. ಕಣ್ಣಲ್ಲಿ ನೀರು.

"ಮೂಗಿಗೆ ಬಾಯಿ ಬಂತಲ್ಲಪಾ!"

ಸಂಬಂಧ ಮುರಿಯುತ್ತದೆಂದು ಹೆದರಿ ನಾನು ಬಾಯಿ ಮುಚ್ಚಿಕೊಂಡೆ. ಮಾವನವರು ಮಾತ್ರ ತೆರೆದ ಬಾಯಿ ಮುಚ್ಚಲಿಲ್ಲ. ಹೋದ ಹೋದ ಊರಿನ ಪ್ರಾರ್ಥನಾ ಸಭೆಯಲ್ಲಿ ಎದ್ದು ನಿಂತು ಈ ಅದ್ಭುತಕ್ಕೆ ಸಾಕ್ಷಿ ಹೇಳತೊಡಗಿದರು. ಅಮ್ಮನನ್ನು ನೋಡಲು ಆ ಊರುಗಳಿಂದ ಜನ ಬಂದರು. "ಮಾತಾಡ್ರಿ ಅಮ್ಮಾರ, ಕೇಳೂಣು" ಎನ್ನುವರು. ಅವಳು ಮಾತಾಡಿದರೆ ಅತ್ತುಬಿಡುವರು. ಸುಳ್ಳೇ ಹೇಳದವಳು ನನ್ನ ಸುಳ್ಳಿಗೆ ಸಾಕ್ಷಿಯಾಗಿ ಕೂತಳು.

"ಇದೊಂದು ನಾ ಪ್ರಾರ್ಥನ್ಯಾಗ ಹೇಳಂಗಿಲ್ಲ. ನೀನ ಹೇಳಬೇಕು. ನಾ ಸಾಯೂದ್ರೊಳಗ ಹೇಳು" ಎಂದಳು. ಹೇಳುತ್ತೇನೆ ಎಂದೆ. ಹೇಳುತ್ತೇನೆ ಎನ್ನುತ್ತಲೇ ಎಂಟು ವರ್ಷ ಕಳೆದೆ. ನನ್ನ ಹೆಂಡತಿ ಮಾತ್ರ ಇದನ್ನೆಲ್ಲ ತಿಳಿದು, "ನಮ್ಮಪ್ಪಗ ನಾ ಹೇಳಂಗಿಲ್ಲ. ನಿಮ್ಮ ಅದ್ಭುತ, ನೀವ ನೋಡ್ಕೋರಿ" ಎಂದು ನಗುತ್ತಿದ್ದಳು.

ಎಡಗೈ

ಕೊನೆಗೆ ಅಮ್ಮನಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಈಗ ನಿಜವಾಗಿಯೂ ಮೂಗಿ. ನಾನು ಆಡಿದ ಮಾತೇ ತಗುಲಿತೇನೋ ಅನ್ನಿಸಿ ಅವಳ ಮುಖ ನೋಡಲಾರದವನಾದೆ.

ಸುದ್ದಿ ತಿಳಿದು ಮಾವನವರು ಕುಷ್ಟಗಿಯಿಂದ ಒಂದು ಟೆಂಪೋ ಜನ ಕರೆದುಕೊಂಡು ಬಂದರು. "ಹುಟ್ಟಾ ಮೂಗಿಗೆ ಒಮ್ಮಿ ಬಾಯಿ ಕೊಟ್ಟವ, ಎರಡನೇ ಸಲ ಕೊಡಾಕ ಕಷ್ಟ ಏನೈತಿ?" ಎಂದು ಎಲ್ಲರನ್ನೂ ಮಂಚದ ಸುತ್ತ ಕೂಡಿಸಿದರು. ಅಮ್ಮ ಎಡಗೈ ಎತ್ತಿದಳು. ಪ್ರಾರ್ಥನೆ ತಾನೇ ಮಾಡುವೆನೆಂಬ ಸನ್ನೆ.

"ಅಮ್ಮಾರು ಏನಂತಾರ, ನೀವು ಬಾಯಿಲೆ ಹೇಳ್ರಿ ಅಳಿಯಂದ್ರ" ಎಂದರು ಮಾವ.

ಮಂಚದ ಪಕ್ಕ ಕೂತೆ. ಅಮ್ಮನ ಕೈ ಸುತ್ತಲೂ ತಿರುಗಿತು. "ಬಂದವರನ್ನೆಲ್ಲ ಆಶೀರ್ವದಿಸು ತಂದೀ" ಎಂದೆ. ಸರಿಹೋಯಿತು. ಆಮೇಲೆ ಆ ಕೈ ತನ್ನ ಬಾಯಿ ಮುಟ್ಟಿ, ನನ್ನ ಎದೆ ಮುಟ್ಟಿತು. ಏನೆಂದು ಚೆನ್ನಾಗಿ ತಿಳಿಯಿತು.

"ಮೊಮ್ಮಗನಿಗೆ ಆರೋಗ್ಯ ಕೊಡು" ಎಂದೆ. ಮೊಣಕಾಲಿಗೆ ಒಂದೇಟು ಬಿತ್ತು.

"ಮೊಮ್ಮಗನ ಸಂಸಾರ ಕಾಪಾಡು." ಇನ್ನೊಂದು, ಜೋರಾಗಿ.

"ತಪ್ಪು ಹೇಳಾಕತ್ತೀರಿ" ಎಂದು ಮೆಲ್ಲಗೆ ಅಂದಳು ನನ್ನ ಹೆಂಡತಿ. ಒಂದು ಕಣ್ಣು ತೆರೆದೇ ಇತ್ತು.

ಆಗ ನಾನು ಎರಡೂ ಕಣ್ಣು ಮುಚ್ಚಿದೆ. "ತಂದೀ, ನಮ್ಮಮ್ಮ ಯಾವತ್ತೂ ಮೂಗಿ ಇದ್ದಿಲ್ಲ. ಆಕಿ ನಾಕ ಮಂದ್ಯಾಗ ಬಾಯಿ ತಗದ್ರ ನನಗ ನಾಚಿಗಿ ಆಗ್ತಿತ್ತು. ಅದಕ್ಕ ಸುಳ್ಳು ಹೇಳಿದೆ. ಆಕಿ ಸುಮ್ಮನ ಸಹಿಸಿಕೊಂಡ್ಳು."

ಮುಂದಿನ ಏಟಿಗೆ ಕಾದೆ. ಬೀಳಲಿಲ್ಲ. ಕೈ ಹಾಗೇ ನನ್ನ ಮೊಣಕಾಲ ಮೇಲೆ ಬೆಚ್ಚಗೆ ಕೂತಿತ್ತು.

ಮಾವನವರು "ಆಮೆನ್" ಅಂದು ಮೂಗು ಒರೆಸಿಕೊಂಡರು. "ಅಳಿಯಂದ್ರ, ಈ ಸಾಕ್ಷಿ ನಾ ಹನ್ನೊಂದು ಊರಾಗ ಹೇಳೀನಿ. ಇರಕಲ್ಲಗಡದಾಗ ಎರಡ ಸಲ. ಈಗ ಹನ್ನೊಂದೂ ಊರಿಗೆ ಹೋಗಿ ಅದು ಸುಳ್ಳಂತ ಹೇಳವ್ರು ಯಾರು?"

"ನಾನ ಹೇಳ್ತೀನ್ರಿ ಮಾವಾರ" ಎಂದೆ. ತಲೆ ಎತ್ತಲು ಆಗಲಿಲ್ಲ. ಏನಾದರೂ ನೆಪ ಸಿಕ್ಕೀತೆಂದು ಮೆತ್ತಗೆ ಸೇರಿಸಿದೆ: "ಆದರ ಇರಕಲ್ಲಗಡದಾಗ ಸಭಿ ಕೂಡೂ ಮನಿ ಎಲ್ಲೈತಿ, ನನಗ ಗೊತ್ತಿಲ್ಲ."

ಅಮ್ಮನ ಕೈ ಮೊಣಕಾಲು ಬಿಟ್ಟು ಮೇಲೆದ್ದಿತು. ಬಸ್ ಇಳಿದು ಎಡಕ್ಕೆ. ಒಂದು ಗಿಡ. ಗಿಡ ದಾಟಿ ಎರಡು ಬೆರಳು, ಅಂದರೆ ಎರಡನೆಯ ಮನೆ.