ಕಪ್ಪೊಂದು, ನೀಲಿಯೊಂದು

ಒಬ್ಬರಿಗೆ ಎರಡೆರಡು ಪಾಸ್‌ಪೋರ್ಟು ಯಾಕೆ ಎಂಬ ಪ್ರಶ್ನೆ ಮಯಿಲ್‌ಸಾಮಿಯ ಹೊಟ್ಟೆಗೆ ಇಳಿದದ್ದು ಬೆಳಿಗ್ಗೆ ಆರೂವರೆಗೆ, ಮೊದಲ ಲೋಟ ಕಾಫಿಯ ಜೊತೆಗೇ. ಕಾಫಿ ಅರಗಿತು, ಪ್ರಶ್ನೆ ಅರಗಲಿಲ್ಲ.

ಅಕ್ಕನ ಮಗಳು ಶೋಭನಾ ಎರಡು ವಾರದ ರಜೆ ಹಾಕಿ ಅವಿನಾಶಿ ಎಂಬ ಊರಿನಲ್ಲಿದ್ದ ಈ ಸೋದರಮಾವನ ಮನೆಗೆ ಬಂದಿದ್ದಳು. ನ್ಯೂಜಿಲೆಂಡಿನ ಆಸ್ಪತ್ರೆಯೊಂದರಲ್ಲಿ ನರ್ಸು. ಸೋಮವಾರ ಒಂದಿಡೀ ವಾರ್ಡಿನ ಉಸ್ತುವಾರಿ ವಹಿಸಿಕೊಳ್ಳಬೇಕು, ತಪ್ಪಿದರೆ ಆ ಜಾಗ ಇನ್ನೊಬ್ಬಳಿಗೆ. ಅದಕ್ಕಾಗಿ ಅವತ್ತೇ ಸಂಜೆ ಆರಕ್ಕೆ ಕೊಯಮತ್ತೂರಿನಿಂದ ಸಿಂಗಾಪುರದ ವಿಮಾನ ಹಿಡಿಯುವವಳಿದ್ದಳು. ಜಗಲಿಯ ಮೇಲೆ ಕೂತು ಕೈಚೀಲ ಜೋಡಿಸುತ್ತಿದ್ದಾಗ ಒಳಗಿನಿಂದ ಎರಡು ಪುಟ್ಟ ಪುಸ್ತಕ ಹೊರಬಂದವು. ಒಂದು ಕಡುನೀಲಿ, ಒಂದು ಕಪ್ಪು.

"ಇದೇನಮ್ಮಾ, ಎರಡು?" ಮಯಿಲ್‌ಸಾಮಿಯ ಲೋಟ ಬಾಯಿಯ ಹತ್ತಿರವೇ ನಿಂತಿತು.

"ನೀಲಿ ಇಂಗ್ಲೆಂಡ್‌ದು ಮಾಮಾ. ಹತ್ತು ವರ್ಷ ಅಲ್ಲಿದ್ನಲ್ಲ, ಆಗ ಆ ದೇಶದವಳಾದೆ. ಕಪ್ಪು ನ್ಯೂಜಿಲೆಂಡ್‌ದು. ಈಗ ಆ ದೇಶದವಳೂ ಹೌದು."

"ನಮ್ಮ ದೇಶದ್ದು?"

"ಅದನ್ನ ಆವಾಗ್ಲೇ ವಾಪಸ್ ಕೊಟ್ಟಾಯ್ತು."

"ಸರಿ, ಆದ್ರೆ ಏರ್‌ಪೋರ್ಟಲ್ಲಿ ಯಾವುದನ್ನ ತೋರಿಸ್ತಿ? ಎರಡನ್ನೂವಾ? ಒಂದಕ್ಕೊಂದು ತಗಾದೆ ಬರಲ್ವಾ?"

ಶೋಭನಾ ನಕ್ಕು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಮಯಿಲ್‌ಸಾಮಿಯ ಹೆಂಡತಿ ಚಿನ್ನತಾಯಿ ಕೂಗಿದಳು: "ನೀರು ಕಾದದೆ, ಸೀಕ್ರಂ, ಬೇಗ ಬಾಮ್ಮಾ!"

"ಸ್ನಾನ ಮಾಡಿ ಬಂದು ಹೇಳ್ತೀನಿ ಮಾಮಾ" ಎಂದು ಅವಳು ಎದ್ದಳು.

ಅಷ್ಟು ಹೊತ್ತು ಕಾಯುವ ಮನುಷ್ಯನಲ್ಲ ಮಯಿಲ್‌ಸಾಮಿ. ನಾಲ್ಕು ಪವರ್‌ಲೂಮ್ ಇಟ್ಟುಕೊಂಡು ಹತ್ತಿ ಸೀರೆ ನೇಯಿಸುವವನು. ಆದರೆ ಬೀದಿಯಲ್ಲಿ ಯಾರಾದರೂ ಗುಂಡಿ ತೋಡುತ್ತಿದ್ದರೆ ಮಗ್ಗ ನಿಲ್ಲಿಸಿ ಹೋಗಿ, ಒಳಗೆ ಇಣುಕಿ, ಎಷ್ಟು ಅಡಿ, ಯಾತಕ್ಕೆ, ಯಾವಾಗ ಮುಚ್ಚುತ್ತೀರಿ ಎಂದು ಕೇಳಿ ಬಂದರೇ ಅವನಿಗೆ ಮಧ್ಯಾಹ್ನದ ಊಟ ಸೇರುವುದು. ಪಾಸ್‌ಪೋರ್ಟಿನ ಪ್ರಶ್ನೆಯನ್ನು ಹೊತ್ತುಕೊಂಡು ನೇರವಾಗಿ ಸೋಮಸುಂದರಂನ ಟೀ ಅಂಗಡಿಗೆ ನಡೆದ.

ಅಲ್ಲಿ ಮುತ್ತುಸಾಮಿ ಕೂತಿದ್ದರು. ಮೂವತ್ತು ವರ್ಷ ಒಬ್ಬ ವಕೀಲರ ಬಳಿ ಟೈಪಿಸ್ಟ್ ಆಗಿದ್ದವರು. ತಾವು ಟೈಪು ಮಾಡಿದ ಕೇಸುಗಳನ್ನೆಲ್ಲ ತಾವೇ ವಾದಿಸಿದ್ದು ಎಂದು ಈಗೀಗ ನಂಬತೊಡಗಿದ್ದರು.

"ಎರಡಾ?" ಮುತ್ತುಸಾಮಿ ಲೋಟ ಕೆಳಗಿಟ್ಟರು. "ಮಯಿಲ್‌ಸಾಮಿ, ಒಬ್ರಿಗೆ ಎರಡು ರೇಷನ್ ಕಾರ್ಡ್ ಇದ್ರೆ ಏನಾಗ್ತದೆ?"

"ಕೇಸ್ ಹಾಕ್ತಾರೆ."

"ಎರಡು ಕಡೆ ಓಟು ಹಾಕಿದ್ರೆ?"

"ಅದಕ್ಕೂ ಕೇಸು."

"ಎರಡು ಮದುವೆ ಮಾಡ್ಕೊಂಡ್ರೆ?"

"ಕೇಸ್ ಹಾಕೋ ತನಕ ಆಳು ಉಳಿಯಲ್ಲ" ಎಂದ ಬಾಯ್ಲರ್ ಹಿಂದಿನಿಂದ ಸೋಮಸುಂದರಂ.

"ಹಾಗಾದ್ರೆ ಎರಡು ಪಾಸ್‌ಪೋರ್ಟಿಗೆ ಹಾರ ಹಾಕ್ತಾರಾ? ಏರ್‌ಪೋರ್ಟಲ್ಲಿ ಬ್ಯಾಗನ್ನ ಮಿಷನ್‌ಗೆ ಬಿಡ್ತಾರೆ ನೋಡು. ಒಂದಿದ್ರೆ ಹಸಿರು ಲೈಟು. ಎರಡಿದ್ರೆ ಕೆಂಪು. ಕೆಂಪು ಬಂತೋ, ಹುಡುಗೀನ ಪಕ್ಕಕ್ಕೆ ಕೂರಿಸಿ, ಯಾರ ಮನೇಲಿ ಇದ್ದೆ ಅಂತ ಕೇಳ್ತಾರೆ. ವೀಸಾ ಫಾರಮ್ಮಲ್ಲಿ ಯಾರ ಅಡ್ರೆಸ್ ಬರೆದಿದಾಳೆ?"

ಬರೆದದ್ದು ಮಯಿಲ್‌ಸಾಮಿಯದೇ. ಬಾಗಿಲ ನಂಬರನ್ನು ಫೋನಿನಲ್ಲಿ ಎರಡು ಸಲ ಓದಿ ಹೇಳಿದ್ದವನೂ ಅವನೇ.

"ಈಗೇನು ಮಾಡೋದಣ್ಣಾ?"

"ಒಂದನ್ನ ಸದ್ದಿಲ್ದೆ ಎತ್ತಿ ಮನೇಲೇ ಇಡು. ಅವಳು ಊರು ಸೇರಿದ ಮೇಲೆ ಕೊರಿಯರ್ ಮಾಡು. ಆದ್ರೆ ಮನೇಲಿ ಬಾಯಿ ಬಿಡ್ಬೇಡ. ಹೆಂಗಸ್ರು ಹೆದರ್ಕೋತಾರೆ."

ಮನೆಗೆ ಬಂದಾಗ ಬಚ್ಚಲಲ್ಲಿ ನೀರಿನ ಸದ್ದು ಇನ್ನೂ ಕೇಳುತ್ತಿತ್ತು. ಯಾವುದನ್ನು ಎತ್ತುವುದು? ಮಯಿಲ್‌ಸಾಮಿ ಹೆಚ್ಚು ಯೋಚಿಸಲಿಲ್ಲ. ಕಪ್ಪುಹಣ ಕೇಳಿದ್ದ, ಕಪ್ಪುಪಟ್ಟಿ ಕೇಳಿದ್ದ. ಕಪ್ಪು ಎಂಬುದು ಎಲ್ಲಿ ಸೇರಿದರೂ ಪೊಲೀಸರು ಬರುತ್ತಾರೆ. ಕಪ್ಪು ಪುಸ್ತಕವನ್ನು ಅಂಗಿಯೊಳಗೆ ತುರುಕಿ ಮಗ್ಗದ ಕೋಣೆಗೆ ಓಡಿದ. ಪೊಲೀಸರು ಬಂದರೆ ಮೊದಲು ನೋಡುವುದು ಬೀರು. ಅದಕ್ಕೆ ನೂಲಿನ ಖಾಲಿ ರಟ್ಟಿನ ಪೆಟ್ಟಿಗೆಯೊಂದನ್ನು ಆರಿಸಿ, ಅದರ ತಳದ ಎರಡು ಮಡಿಕೆಗಳ ನಡುವೆ ಪಾಸ್‌ಪೋರ್ಟು ಸೇರಿಸಿಟ್ಟ.

ಒಂಬತ್ತಕ್ಕೆ ಶೋಭನಾ ಹೊರಟಳು. ತಿರುಪ್ಪೂರಿನಲ್ಲಿ ಗೆಳತಿ ಸತ್ಯಾಳ ಮನೆಯಲ್ಲಿ ಊಟ, ಅಲ್ಲಿಂದಲೇ ವಿಮಾನ ನಿಲ್ದಾಣ. ಚಿನ್ನತಾಯಿ ಅವಳ ಹಣೆಗೆ ಕುಂಕುಮ ಇಟ್ಟು, ಕೈಚೀಲವನ್ನು ತಾನೇ ಕಾರಿನವರೆಗೆ ಹೊತ್ತು ತಂದಳು. ಕಾರು ತಿರುವು ದಾಟಿದ ಮೇಲೆ ಮಯಿಲ್‌ಸಾಮಿಗೆ, ಒಂದು ಮನೆತನವನ್ನೇ ಜೈಲಿನಿಂದ ಬಿಡಿಸಿದಷ್ಟು ಹಗುರ ಅನ್ನಿಸಿತು.

ಒಂದು ಗಂಟೆಗೆ ಫೋನು ಬಂತು.

"ಮಾಮಾ! ಬ್ಯಾಗಲ್ಲಿ ಪಾಸ್‌ಪೋರ್ಟ್ ಇಲ್ಲ!"

ಮಗ್ಗಗಳ ಗದ್ದಲದಲ್ಲೂ ಅವಳ ಅಳು ಕೇಳಿತು.

"ಅಳ್ಬೇಡಮ್ಮಾ, ಎಲ್ಲೂ ಹೋಗಿಲ್ಲ. ನಾನೇ ಎತ್ತಿಟ್ಟಿದೀನಿ."

"ನೀವಾ! ಯಾಕೆ ಮಾಮಾ?"

"ಅದನ್ನ ಆಮೇಲೆ ಹೇಳ್ತೀನಿ. ನೀನು ಏರ್‌ಪೋರ್ಟ್‌ಗೆ ಹೋಗು, ನಾನು ಅಲ್ಲಿಗೇ ತಂದ್ಕೊಡ್ತೀನಿ."

"ಐದು ಗಂಟೆಗೆ ಕೌಂಟರ್ ಮುಚ್ಚಿಬಿಡ್ತಾರೆ, ನೆನಪಿರ್ಲಿ!"

ನಾಲ್ಕು ಗಂಟೆ ಸಮಯವಿತ್ತು. ದಾರಿ ಮುಕ್ಕಾಲು ಗಂಟೆಯದು. ಮೀಸೆ ಸವರಿಕೊಂಡು ಪೆಟ್ಟಿಗೆ ಪೇರಿಸಿಟ್ಟ ಮೂಲೆಗೆ ಹೋದ ಮಯಿಲ್‌ಸಾಮಿಗೆ ಅಲ್ಲಿ ಸಿಕ್ಕಿದ್ದು ಬರೀ ಮೂಲೆ. ಒಂದು ಪೆಟ್ಟಿಗೆಯೂ ಇರಲಿಲ್ಲ.

"ಸೆಲ್ಲಪ್ಪಣ್ಣ ಬಂದು ಖಾಲಿ ಪೆಟ್ಟಿಗೆ ಎಲ್ಲಾ ಒಯ್ದಾಯ್ತಲ್ಲ" ಎಂದಳು ನೂಲು ಸುತ್ತುತ್ತಿದ್ದ ಹೆಂಗಸು.

ಹಳೇ ಪೆಟ್ಟಿಗೆಯ ವ್ಯಾಪಾರಿ ಸೆಲ್ಲಪ್ಪನ್ ಫೋನೆತ್ತಿದ. "ನಿಮ್ಮ ಪೆಟ್ಟಿಗೆನಾ? ಕೊಯಮತ್ತೂರಿನ ಉಕ್ಕಡಂನಲ್ಲಿ ನಮ್ಮ ಪೊನ್ನುಸಾಮಿಯ ಒಣಮೀನು ಅಂಗಡಿಗೆ ಹಾಕಿಬಿಟ್ಟೆನಲ್ಲ. ಯಾಕೆ, ತೂತು ಏನಾದ್ರೂ ಇತ್ತಾ?"

ಮಯಿಲ್‌ಸಾಮಿ ಬಸ್ಸು ಹಿಡಿದ. ವಿಮಾನ ನಿಲ್ದಾಣ ಇರುವುದೂ ಅದೇ ರಸ್ತೆಯಲ್ಲೇ, ಉಕ್ಕಡಂಗಿಂತ ಮೊದಲು. ಅದರ ತಿರುವು ಬಂದಾಗ, ಅಲ್ಲಿಂದ ಶೋಭನಾಗೆ ಬಸ್ಸಿನೊಳಗಿನ ಮುಖ ಕಾಣಲಾರದು ಎಂದು ಗೊತ್ತಿದ್ದರೂ ಅವನು ಸೀಟಿನ ಕೆಳಗೆ ಚಪ್ಪಲಿ ಹುಡುಕುವವನಂತೆ ಬಗ್ಗಿದ. ಚಪ್ಪಲಿ ಕಾಲಲ್ಲೇ ಇತ್ತು.

ಉಕ್ಕಡಂನ ಅಂಗಡಿ ತಲುಪುವ ಮೊದಲೇ ಅದರ ವಾಸನೆ ಅವನನ್ನು ತಲುಪಿತು. ಮನೆಯೊಳಗೆ ಮೊಟ್ಟೆಯನ್ನೂ ಸೇರಿಸದವನು ಮಯಿಲ್‌ಸಾಮಿ. ಮೂಗಿಗೆ ಪಂಚೆಯ ತುದಿ ಒತ್ತಿಕೊಂಡು ಒಳಗೆ ನುಗ್ಗಿದ. ಪೆಟ್ಟಿಗೆಗಳನ್ನು ಗೋಡೆಯುದ್ದಕ್ಕೂ ಪೇರಿಸಿಟ್ಟಿದ್ದರು. ಎಲ್ಲಕ್ಕೂ ಮೀನು ತುಂಬಿ ಹಗ್ಗ ಬಿಗಿದಾಗಿತ್ತು.

"ಎನ್ನಂಗ ವೇಣುಂ?" ಏನು ಬೇಕೆಂದು ಕೇಳಿದ ಪೊನ್ನುಸಾಮಿ.

ಪಾಸ್‌ಪೋರ್ಟು ಎಂದರೆ ಇಲ್ಲೂ ಕೆಂಪು ಲೈಟು ಹತ್ತಬಹುದು. ಮಯಿಲ್‌ಸಾಮಿ ಮೀನು ಬೇಕೆಂದ. ಯಾವ ಮೀನು ಎಂದು ಪೊನ್ನುಸಾಮಿ ಕೇಳಿದ.

"ಮೀನು ಯಾವುದಾದ್ರೂ ಪರವಾಗಿಲ್ಲ, ಪೆಟ್ಟಿಗೆ ಮಾತ್ರ ನಾನೇ ಆರಿಸ್ತೀನಿ" ಎಂದ ಮಯಿಲ್‌ಸಾಮಿ.

ಪೊನ್ನುಸಾಮಿ ಇಪ್ಪತ್ತೈದು ವರ್ಷದ ವ್ಯಾಪಾರದಲ್ಲಿ ಮೀನು ಮೂಸಿ ನೋಡುವವರನ್ನು ಕಂಡಿದ್ದ, ಪೆಟ್ಟಿಗೆ ತಲೆಕೆಳಗು ಮಾಡಿ ತಳ ತಡವುವವರನ್ನು ಕಂಡಿರಲಿಲ್ಲ. ಹದಿನಾರನೆಯ ಪೆಟ್ಟಿಗೆಯ ತಳದಲ್ಲಿ ಮಯಿಲ್‌ಸಾಮಿಯ ಬೆರಳಿಗೆ ಗಟ್ಟಿಯಾದದ್ದೇನೋ ಸಿಕ್ಕಿತು. ಇಡೀ ಪೆಟ್ಟಿಗೆಯನ್ನು ಕೊಂಡು, ಮಗುವಿನಂತೆ ಅಪ್ಪಿಕೊಂಡು ಆಟೋ ಹತ್ತಿದ. ದಾರಿಯಲ್ಲಿ ತಳ ಹರಿದು ಪಾಸ್‌ಪೋರ್ಟನ್ನು ಹೊರತೆಗೆದ. ಪೆಟ್ಟಿಗೆ ಎಸೆಯೋಣವೆಂದರೆ ಆಟೋದವನು ಕನ್ನಡಿಯಲ್ಲಿ ದುರುಗುಟ್ಟಿ ನೋಡುತ್ತಿದ್ದ.

ವಿಮಾನ ನಿಲ್ದಾಣದ ಬಾಗಿಲಲ್ಲಿ ಇಳಿದಾಗ ನಾಲ್ಕೂವರೆ. ಶೋಭನಾ ಸೂಟ್‌ಕೇಸು ಬಿಟ್ಟು ಓಡಿ ಬಂದಳು. ಅವನ ಕಂಕುಳಲ್ಲಿದ್ದ ಪೆಟ್ಟಿಗೆ ಕಂಡು ಎರಡು ಹೆಜ್ಜೆ ದೂರವೇ ನಿಂತಳು.

"ತಗೋಮ್ಮಾ!" ಮಯಿಲ್‌ಸಾಮಿ ಗೆದ್ದವನಂತೆ ಕಪ್ಪು ಪುಸ್ತಕ ಚಾಚಿದ.

ಅವಳು ಅದನ್ನು ಎರಡು ಬೆರಳಲ್ಲಿ ಹಿಡಿದಳು. "ಇನ್ನೊಂದು?"

"ಯಾವ ಇನ್ನೊಂದು?"

"ನೀಲಿ, ಮಾಮಾ! ಎತ್ತಿಟ್ಟಿದೀನಿ ಅಂದ್ರಲ್ಲ. ಎರಡೂ ನಿಮ್ಮ ಹತ್ರ ಇದೆ ಅಂದ್ಕೊಂಡೆ!"

"ನಾನು ಎತ್ತಿದ್ದು ಇದೊಂದನ್ನೇ! ಇದೊಂದು ಸಾಕಲ್ವಾ? ಎರಡು ಒಟ್ಟಿಗಿದ್ರೆ ಮಿಷನ್ನಲ್ಲಿ ಕೆಂಪು ಲೈಟು ಬರ್ತದಂತಲ್ಲ?"

"ಯಾವ ಕೆಂಪು ಲೈಟು? ಎರಡೂ ಕಾನೂನು ಪ್ರಕಾರ ಕೊಟ್ಟಿದ್ದೇ ಮಾಮಾ! ಕಪ್ಪು ತೋರಿಸಿದ್ರೆ ವಿಮಾನದವ್ರು ಹತ್ತಿಸ್ಕೋತಾರೆ, ನ್ಯೂಜಿಲೆಂಡ್ ನನ್ನ ಒಳಗೆ ಬಿಡತ್ತೆ ಅಂತ ಗೊತ್ತಾಗೋದು ಅದ್ರಲ್ಲೇ. ಆದ್ರೆ ಇಂಡಿಯಾ ವೀಸಾ ಇರೋದು ನೀಲಿ ಮೇಲೆ. ಬಂದಾಗ ಸೀಲು ಹೊಡೆದಿದ್ದೂ ಅದ್ರಲ್ಲೇ. ಅದಿಲ್ದೆ ಇಲ್ಲಿಂದ ಹೊರಗೆ ಬಿಡಲ್ಲ."

ಬೆಳಿಗ್ಗೆಯಿಂದ ಹೊಟ್ಟೆ ಕೊರೆಯುತ್ತಿದ್ದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಮಯಿಲ್‌ಸಾಮಿಗೆ ಅದು ಯಾಕಾದರೂ ಸಿಕ್ಕಿತೋ ಅನ್ನಿಸಿತು. ಮನೆಯಲ್ಲಿ ಮೂರೇ ಜನ. ಶೋಭನಾ ಅಲ್ಲ, ತಾನಲ್ಲ. ಹೆಂಡತಿಗೆ ಫೋನು ಮಾಡಿ ಸ್ಪೀಕರ್ ಹಾಕಿದ. ಆ ಕಡೆಯಿಂದ ಬಸ್ಸಿನ ಹಾರನ್ ಕೇಳಿತು.

"ಚಿನ್ನಾ, ಬಸ್ಸಲ್ಲಿದೀಯಾ?"

"ಪೊಳ್ಳಾಚಿ ಬಂತು. ತಂಗಿ ಮಗಳಿಗೆ ನಾಳೆ ಬಳೆ ತೊಡಿಸೋ ಶಾಸ್ತ್ರ ಅಂತ ಹೇಳಿರ್ಲಿಲ್ವಾ? ನೀವು ಯಾವಾಗ ಕಿವಿಗೆ ಹಾಕ್ಕೊಂಡಿದೀರಿ?"

"ಅದಿರ್ಲಿ. ಶೋಭನಾ ಬ್ಯಾಗಿಂದ ನೀನೇನಾದ್ರೂ ಎತ್ತಿದ್ಯಾ? ನೀಲಿ ಬುಕ್ಕು?"

ಚಿನ್ನತಾಯಿಯ ದನಿ ಪಿಸುಮಾತಿಗೆ ಇಳಿಯಿತು. "ಏನುಂಗ, ಅಲ್ಲಿ ಪೊಲೀಸ್ರು ಬಂದವ್ರಾ?"

"ಪೊಲೀಸಾ?"

"ಬೆಳಿಗ್ಗೆ ನಾನು ಹೂ ಕೊಳ್ಳಕ್ಕೆ ಹೋದಾಗ ಮುತ್ತುಸಾಮಿ ಅಣ್ಣ ನನಗೆ ಎಲ್ಲಾ ಹೇಳಿದ್ರು. ಎರಡಿದ್ರೆ ಜೈಲು, ಒಂದನ್ನ ತೆಗೆದಿಡಮ್ಮಾ, ಆದ್ರೆ ಗಂಡಸ್ರಿಗೆ ಹೇಳ್ಬೇಡ, ಊರೆಲ್ಲಾ ಸಾರಿಬಿಡ್ತಾರೆ ಅಂದ್ರು. ಕೈಗೆ ಸಿಕ್ಕಿದ್ದನ್ನ ಎತ್ಕೊಂಡೆ. ಇನ್ನೊಂದು ಬ್ಯಾಗಲ್ಲೇ ಇತ್ತಲ್ಲ?"

"ಎಲ್ಲಿದೆ ಅದೀಗ?"

"ಬೀಗ ಹಾಕಿದ ಮನೇಲಿ ಬಿಟ್ಬರೋದಾ? ಮಡಿಲಲ್ಲೇ ಕಟ್ಕೊಂಡಿದೀನಿ."

"ಅಯ್ಯೋ ಮಾರಾಯ್ತಿ, ಅದನ್ನ ತಗೊಂಡು ಈಗಲೇ ಒಂದು ಕಾರು ಹಿಡಿ!"

"ಇರಿ, ಇರಿ. ಪೊಲೀಸ್ರು ಪಕ್ಕದಲ್ಲಿ ನಿಂತು ಹಿಂಗೆ ಹೇಳಿಸ್ತಿದ್ದಾರಾ? ಮಾತಾಡಕ್ಕೆ ಆಗ್ದಿದ್ರೆ ಒಂದು ಸಲ ಕೆಮ್ಮಿ, ಸಾಕು. ನಾನು ಅರ್ಥ ಮಾಡ್ಕೋತೀನಿ."

ಇಲ್ಲ ಎಂದು ಹೇಳಲು ಮಯಿಲ್‌ಸಾಮಿ ಉಸಿರೆಳೆದ. ಕಂಕುಳಲ್ಲಿದ್ದ ಪೆಟ್ಟಿಗೆಯ ಹರಿದ ತಳದಿಂದ ಒಣಮೀನಿನ ಉಪ್ಪುಧೂಳು ಆ ಉಸಿರಿನೊಡನೆ ಒಳಹೋಯಿತು. ಅವನು ಕೆಮ್ಮಿದ. ಬಾಯಿ ಮುಚ್ಚಿಕೊಂಡು ಮತ್ತೆ ಕೆಮ್ಮಿದ. ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದ.

"ಅತ್ತೆ, ಅತ್ತೆ, ನಾನು ಶೋಭನಾ..." ಎಂದು ಅವಳು ಫೋನಿಗೆ ಬಾಯಿ ಹಾಕಿದಳು.

"ಅಯ್ಯೋ, ಹುಡುಗೀನೂ ಹಿಡ್ಕೊಂಡವ್ರಾ!" ಚಿನ್ನತಾಯಿ ಕೂಗಿದಳು. "ಧೈರ್ಯವಾಗಿರಿ. ಸಾಕ್ಷಿ ನನ್ನ ಹತ್ರ ಇದೆ. ಯಾರು ಕೇಳಿದ್ರೂ ಕೊಡಲ್ಲ, ನೀವೇ ಕೇಳಿದ್ರೂ ಕೊಡಲ್ಲ. ಇನ್ನು ಮೂರು ದಿನ ಫೋನೂ ಆನ್ ಮಾಡಲ್ಲ!"